ಮೂರು ತಂತಿ, ಅರ್ಧ ಬೆರಳು

ಈ ಪೆಟ್ಟಿಗೆಯಲ್ಲಿ ಮೊದಲು ಸಿಗಾರಿದ್ದವು.
ಯಾರು ಸೇದಿದರೋ, ನಮ್ಮವರಂತೂ ಅಲ್ಲ.
ಆಮೇಲೆ ಅವ್ವ ಲುವೀನಿಯಾಳ ಹೆಣದ ವಿಮೆಯ ರಸೀದಿ:
ವಾರಕ್ಕೆ ಇಪ್ಪತ್ತೈದು ಸೆಂಟು,
ಶನಿವಾರ ಸಂಜೆ ಟೊಪ್ಪಿಗೆಯವನು ಬಂದು
ಮೆಟ್ಟಿಲ ಮೇಲೆ ನಿಂತೇ ಹರಿದುಕೊಟ್ಟ ಚೀಟಿ.
ಮೂವತ್ತೊಂದು ವರ್ಷದ ಶನಿವಾರಗಳು
ಒಂದು ರಬ್ಬರ್ ಬ್ಯಾಂಡಿನೊಳಗೆ.
ಮುಟ್ಟಿದ್ದೇ ತಡ, ಬ್ಯಾಂಡು ಪುಡಿಯಾಯಿತು.

ಚೀಟಿಗಳನ್ನೆಲ್ಲ ಹಿಟ್ಟಿನ ಡಬ್ಬಿಗೆ ಸುರಿದೆ.
ಎಸೆಯಲಾಗಲಿಲ್ಲ, ಸರಿಯಪ್ಪಾ, ಆಗಲಿಲ್ಲ.
ಖಾಲಿ ಪೆಟ್ಟಿಗೆಯ ಮುಚ್ಚಳ ಬಡಿದು ನೋಡಿದೆ:
ಹಣ್ಣಾದ ಕಲ್ಲಂಗಡಿಯ ಸದ್ದು.

ಥೆಡಿಯಸ್, ಹುಲ್ಲು ಕತ್ತರಿಸುವ ಯಂತ್ರ ರಿಪೇರಿಯವನು,
ಬಾಯ ತುಂಬ ಸ್ಕ್ರೂ ಇಟ್ಟುಕೊಂಡೇ ಮಾತಾಡುವವನು,
'ಆರ್ಡೀಲಿಯಾ, ಅಳೆದೂ ಸುರಿದೂ ಕೂತರೆ ಕತ್ತಲಾಗುತ್ತೆ,
ಕೊಯ್ಯಿ' ಎಂದ.
ಕೊಯ್ದೆ. ಮುರಿದ ಮಂಚದ ಪಟ್ಟಿ ಕುತ್ತಿಗೆಯಾಯಿತು;
ಪೆಟ್ಟಿಗೆಯನ್ನು ಹಾದು ಆಚೆ ಬರಬೇಕು ಅದು,
ಸುಡುವ ಮೀನಿಗೆ ಕಡ್ಡಿ ಚುಚ್ಚಿದ ಹಾಗೆ.
ಮೇಲ್ತುದಿಗೆ ಒಂದು ಬೋಲ್ಟು,
ಕೆಳಗೆ ಕುದುರೆಯ ಜಾಗಕ್ಕೆ ಇನ್ನೊಂದು,
ತುಸು ತುಕ್ಕು ಹಿಡಿದದ್ದು.
ಬಿರಡೆ ಮೂರೂ ಗಿರವಿ ಅಂಗಡಿಯ ಸತ್ತ ಗಿಟಾರಿನಿಂದ,
ನಾಲ್ಕು ಡಾಲರಿಗೆ.
ಅದರಲ್ಲೊಂದು ತಿರುಗಿಸಿದಾಗೆಲ್ಲ ಗೊಣಗುತ್ತದೆ,
ಇನ್ನೂ ಹಳೇ ಯಜಮಾನನ ಲೆಕ್ಕ ಚುಕ್ತವಾಗಿಲ್ಲ ಎಂಬಂತೆ.

ಕಾಸಿದ ಮೊಳೆಯಿಂದ ಮುಚ್ಚಳಕ್ಕೆ ತೂತು ಕೊರೆದೆ.
ಹೊಗೆಯಲ್ಲಿ ಎದ್ದು ಬಂತು ಆ ಕಾಲದ ತಂಬಾಕು.
ಪರಿಚಯವಿಲ್ಲದ ಗಂಡಸೊಬ್ಬ ಅಡುಗೆಮನೆಗೆ ಬಂದು
ಕುರ್ಚಿ ಎಳೆದು ಕೂತ ಹಾಗಾಗಿ
ಕಿಟಕಿ ತೆರೆದೆ.

ಮೊದಲು ಮೀಟಿದ್ದು ಮಂಗಳವಾರ.
ನಾಯಿ ಎದ್ದು ಹೋಯಿತು.

ಹತ್ತೊಂಬತ್ತು ವರ್ಷ ಕ್ಯಾಟ್‌ಫಿಶ್ ಕೊಯ್ದ ಕೈ ಇದು.
ನಿಮಿಷಕ್ಕಿಷ್ಟು ಮೀನು ಎಂದು
ಗಡಿಯಾರ ಹಿಡಿದವನು ಬೆನ್ನ ಹಿಂದೆ ನಿಲ್ಲುತ್ತಿದ್ದ.
ಎಡಗೈಯ ಉಂಗುರದ ಬೆರಳು ನಡುಗೆಣ್ಣಿಗೇ ಮುಗಿಯುತ್ತದೆ;
ಮಿಕ್ಕದ್ದು ತಲೆ ಕತ್ತರಿಸುವ ಗರಗಸದ ಪಾಲು.
ಆ ದಿನ ಬೆಲ್ಟು ಹನ್ನೊಂದು ನಿಮಿಷ ನಿಂತಿತ್ತು.
ಆ ಹನ್ನೊಂದು ನಿಮಿಷವನ್ನು
ನನ್ನ ಸಂಬಳದಲ್ಲೂ ಹಿಡಿದರು.
ಉಳಿದ ಬೆರಳುಗಳು ಮರಗಟ್ಟಿ
ಬೆಳಗಿನ ಹೊತ್ತು ಅಂಗಿಯ ಗುಂಡಿಗೂ ಬಗ್ಗವು.
ತಂತಿಗೆ ಬಗ್ಗಿಯಾವೆ?

'ಅಜ್ಜಿ, ಇದು ಅಳ್ತಾ ಇದೆಯಾ, ನಗ್ತಾ ಇದೆಯಾ?'
ಮೊಮ್ಮಗಳು ಕೆಜಾಯ, ಏಳು ವರ್ಷ, ಕಿವಿಗೆ ಕೈ.
'ಇನ್ನೂ ಹುಟ್ಟಿಲ್ಲ ಕಣೇ. ತಾಳು.'

ಆಮೇಲೆ ಕೆಮ್ಮಿನ ಔಷಧಿಯ ಸೀಸೆ.
ತೊಳೆಯಲೆಂದು ಎತ್ತಿದ್ದು, ಆಟಕ್ಕೆಂದು ತೊಡಿಸಿದ್ದು:
ಅರ್ಧ ಬೆರಳಿಗೆ ಅಳತೆ ಕೊಟ್ಟು ಮಾಡಿಸಿದಂತೆ
ಕೂತುಬಿಟ್ಟಿತು.
ಇಡೀ ಬೆರಳಿದ್ದರೆ ತೂರುತ್ತಿರಲಿಲ್ಲ.
ಥೆಡಿಯಸ್ ಸ್ಕ್ರೂ ಉಗುಳಿ ಹೇಳಿದ:
'ಒತ್ತಬೇಡ. ಸವರು.'

ಸವರಿದೆ.
ಸ್ವರ ಮೆಟ್ಟಿಲಿಳಿಯಲಿಲ್ಲ, ಜಾರಿತು,
ಯಾಜೂ ನದಿಯ ಕೆಸರಿಗೆ ಮೀನು ಜಾರಿದಂತೆ,
ಕೈ ತಪ್ಪಿದ್ದಲ್ಲ,
ನಾನೇ ಬಿಟ್ಟದ್ದು.
ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ
ಹೆಸರಿಲ್ಲದ ಜಾಗವಿದೆ;
ಅಲ್ಲಿ ಯಾರೂ ಗಡಿಯಾರ ಹಿಡಿದು ನಿಂತಿಲ್ಲ.
ಒಂದೇ ತಂತಿಯಲ್ಲಿ ಹೋಗಿ ಬಂದು ಹೋಗಿ ಬಂದು
ಅನ್ನ ಸೀದದ್ದು ಕೆಜಾಯ ಹೇಳಿದ ಮೇಲೆ ಗೊತ್ತಾಯಿತು.

ಈಗ ಒಂದು ಹಾಡು ಬರುತ್ತದೆ, ಇನ್ನೊಂದರ ಅರ್ಧ.
ಒಂಬತ್ತು ನಲವತ್ತರ ಗೂಡ್ಸ್ ರೈಲು
ಹತ್ತಿಯ ಗೋದಾಮಿನ ಹತ್ತಿರ ಕೂಗುತ್ತದಲ್ಲ,
ಅದಕ್ಕೆ ನಡುವಿನ ತಂತಿ ಸೇರಿಸಿಕೊಳ್ಳುತ್ತೇನೆ.
ರೈಲು ತಡವಾದ ರಾತ್ರಿ ನನ್ನ ಶ್ರುತಿಯೂ ತಡ.

ಮೂರನೇ ತಂತಿ ಮಾತ್ರ ಜುಮ್ಮೆನ್ನುತ್ತಿತ್ತು, ನೊಣ ಸಿಕ್ಕಂತೆ.
ಬೋಲ್ಟು ಬಿಗಿದೆ, ಬಿರಡೆ ಬೈದೆ.
ಕೊನೆಗೆ ಟಾರ್ಚು ಹಾಕಿ ತೂತಿನೊಳಗೆ ಇಣುಕಿದರೆ
ಮೂಲೆಯ ಸಂದಿನಲ್ಲಿ ಒಂದು ಚೀಟಿ, ಅಂಚು ಅಲುಗುತ್ತಾ:
ಯಾವುದೋ ಒಂದು ಶನಿವಾರ.
ಇಪ್ಪತ್ತೈದು ಸೆಂಟು, ಸಂದಾಯವಾಗಿದೆ.

ತೆಗೆಯಬೇಕಾದರೆ ತಂತಿಯೆಲ್ಲ ಬಿಚ್ಚಬೇಕು.
ಇರಲಿ ಬಿಡು.

ರೈಲು ಇವತ್ತೂ ತಡ.